ಟಮ್ಮಿ ಟಕ್ ಆದವರಿಗೆ ಬಾಣಂತಿ ಆರೈಕೆ ಬೇಡ

ಮಾನ್ಯರೇ,

ಹೆರಿಗೆಯ ನಂತರ ಜೋತುಬಿದ್ದ, ಇಲ್ಲವೇ ತೂಕ ಇಳಿಸಿದ ಮೇಲೆ ಸಡಿಲಾದ ಹೊಟ್ಟೆಯ ಚರ್ಮವನ್ನು ತೆಗೆದು, ಅಗಲಿದ ಸ್ನಾಯುಗಳನ್ನು ಹೊಲಿದು ಬಿಗಿ ಮಾಡುವ ಟಮ್ಮಿ ಟಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬೆಂಗಳೂರು, ಮಂಗಳೂರು ಕಡೆಯಿಂದ ನಮ್ಮ ಮಲೆನಾಡಿನ ಮನೆಗಳಿಗೆ ಮರಳುವವರಿದ್ದಾರೆ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಆಸ್ಪತ್ರೆಯಿಂದ ಬಿಡುಗಡೆ. ಮನೆಯಲ್ಲಿ ಅಮ್ಮ, ಅತ್ತೆ, ದೊಡ್ಡಮ್ಮ ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ, ನಿಜ. ಆದರೆ ಅವರ ಕೈಗೆ ರೂಢಿಯಾಗಿರುವುದು ಬಾಣಂತಿ ಆರೈಕೆ: ಹಂಡೆಯ ಬಿಸಿನೀರು, ಹೊಟ್ಟೆಗೆ ಬಿಗಿದು ಸುತ್ತುವ ಸೀರೆ, ಅಳೆದು ಕೊಡುವ ನೀರು, ಏಳದೆ ಮಲಗುವುದು. ಈ ಶಸ್ತ್ರಚಿಕಿತ್ಸೆಯ ಮಟ್ಟಿಗೆ ಈ ನಾಲ್ಕೂ ತಪ್ಪು.

ಮೊದಲು ಬಿಸಿನೀರಿನ ವಿಷಯ. ಚರ್ಮವನ್ನು ಬಿಡಿಸಿ ಎಳೆದು ಹೊಲಿಯುವಾಗ ಸಣ್ಣ ನರಗಳು ತುಂಡಾಗುತ್ತವೆ. ಹೊಕ್ಕುಳಿನ ಕೆಳಗೆ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತದೆ. ನೀರು ಸುಡುತ್ತಿದ್ದರೂ ಅಲ್ಲಿ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೇ ಕಾಣುವುದು. ಆ ಭಾಗಕ್ಕೆ ರಕ್ತ ಸಂಚಾರವೂ ಕಡಿಮೆ ಇರುವುದರಿಂದ ಸುಟ್ಟದ್ದು ಬೇಗ ಮಾಯುವುದಿಲ್ಲ. ಬಿಸಿನೀರಿನ ಚೀಲ, ಕಾವು ಕೊಡುವುದು, ಐಸ್ ಇಡುವುದು ಯಾವುದೂ ಬೇಡ. ಡಾಕ್ಟರು ಸ್ನಾನಕ್ಕೆ ಒಪ್ಪಿದ ಮೇಲೆ ಕೈಗೆ ಹಿತವಾದ ಉಗುರುಬೆಚ್ಚಗಿನ ನೀರು ಸಾಕು. ಗಾಯವನ್ನು ತಿಕ್ಕದೆ ಬಟ್ಟೆಯಿಂದ ಒತ್ತಿ ಒರೆಸಬೇಕು, ಹೊಕ್ಕುಳಿನೊಳಗೆ ತೇವ ನಿಲ್ಲಬಾರದು. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಬೇಡಿ.

ಇನ್ನು ಸುತ್ತುವುದು. ಡಾಕ್ಟರು ಕೊಟ್ಟ ಬೆಲ್ಟನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಾಕಬೇಕಾಗುತ್ತದೆ. ಅದರ ಮೇಲೆ ಸೀರೆ ಬಿಗಿದರೆ ಹೊಟ್ಟೆಯೊಳಗೆ ಒತ್ತಡ ಏರಿ, ಕಾಲಿನಿಂದ ಮೇಲೆ ಬರಬೇಕಾದ ರಕ್ತ ನಿಧಾನವಾಗುತ್ತದೆ. ಹೊಲಿಗೆಯ ಅಂಚಿಗೆ ಹೋಗುವ ರಕ್ತವೂ ತಗ್ಗುತ್ತದೆ. ಬೆಲ್ಟಿನೊಳಗೆ ಎರಡು ಬೆರಳು ಹೋಗಬೇಕು, ಉಸಿರು ತುಂಬಾ ಎಳೆದುಕೊಳ್ಳಲು ಆಗಬೇಕು. ಒಳಗೆ ತೆಳು ಹತ್ತಿಯ ಬನಿಯನ್ ಇರಲಿ, ಮಡಿಕೆ ಬೀಳದಂತೆ ನೋಡಿ. ನಮ್ಮ ಮಳೆಗಾಲದಲ್ಲಿ ಒಂದೇ ಬೆಲ್ಟ್ ಇದ್ದರೆ ಅದು ಒಣಗುವುದೇ ಇಲ್ಲ. ಹಸಿ ಬೆಲ್ಟ್ ಹಾಕಿದರೆ ಚರ್ಮದಲ್ಲಿ ತುರಿಕೆ, ಬೂಸ್ಟಿನ ಸೋಂಕು ಬರಬಹುದು. ಎರಡು ಬೆಲ್ಟ್ ತೆಗೆದುಕೊಳ್ಳುವುದು ದುಂದಲ್ಲ.

ಮಲಗಿಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಸೌಂದರ್ಯ ಶಸ್ತ್ರಚಿಕಿತ್ಸೆಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುವುದು ಇದರಲ್ಲಿ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ ಐದು ನಿಮಿಷ ಜಗಲಿಯಲ್ಲಿ ನಡೆಸಿ. ಮಲಗಿದ್ದಾಗ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್ ಬರೆದಿದ್ದರೆ ಒಂದು ದಿನವೂ ತಪ್ಪಬಾರದು. ಅದನ್ನು ಎಲ್ಲಿಗೆ ಚುಚ್ಚಬೇಕು, ಯಾರು ಚುಚ್ಚಬೇಕು ಎಂಬುದು ಹೊರಡುವ ಮೊದಲೇ ತೀರ್ಮಾನವಾಗಿರಲಿ. ದೂರದಿಂದ ಕಾರಿನಲ್ಲಿ ಬರುವವರು ಗಂಟೆಗೊಮ್ಮೆ ನಿಲ್ಲಿಸಿ ಇಳಿದು ನಡೆಯಬೇಕು.

ಮೊದಲ ವಾರ ಸೊಂಟ ಬಗ್ಗಿಸಿಯೇ ನಡೆಯಬೇಕು, ನೆಟ್ಟಗೆ ನಿಂತರೆ ಹೊಲಿಗೆಯ ಮೇಲೆ ಎಳೆತ ಬೀಳುತ್ತದೆ. ಬೆನ್ನು ನೋಯುವುದರಿಂದ ಕೈಗೊಂದು ಕೋಲು ಬೇಕಾಗುತ್ತದೆ. ಮಲಗುವಾಗ ತಲೆ, ಬೆನ್ನಿಗೆ ದಿಂಬು ಜೋಡಿಸಿ ಎತ್ತರಿಸಿ, ಮಂಡಿಯಡಿಗೆ ಇನ್ನೊಂದು ದಿಂಬು ಇಡಿ. ನೆಲದ ಹಾಸಿಗೆ ಬೇಡ, ಮಂಚವೇ ಬೇಕು. ಏಳುವಾಗ ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಮೊಣಕೈ ಊರಿ ಏಳಬೇಕು. ಕುಕ್ಕರಗಾಲಿನ ಶೌಚಾಲಯವಾದರೆ ಕಮೋಡ್ ಕುರ್ಚಿ ಮೊದಲೇ ತಂದಿಡಿ. ನೋವಿನ ಮಾತ್ರೆಗಳಿಂದ ಮಲಬದ್ಧತೆಯಾಗುವುದು ಸಾಮಾನ್ಯ, ತಿಣುಕಿದರೆ ಒಳಹೊಲಿಗೆಗೆ ಪೆಟ್ಟು. ಹಾಗಾಗಿ ನೀರು ಧಾರಾಳವಾಗಿ ಕುಡಿಯಬೇಕು. ಸೊಪ್ಪು, ಹಣ್ಣು, ಬೇಳೆ, ಮೊಟ್ಟೆ, ಮೀನು ಯಾವುದಕ್ಕೂ ಪಥ್ಯವಿಲ್ಲ. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮಲಿ.

ಮನೆಯವರು ಹೆದರುವುದು ಡ್ರೈನ್ ಕಂಡು, ಅಂದರೆ ಗಾಯದೊಳಗೆ ಸೇರುವ ರಕ್ತ, ನೀರನ್ನು ಹೊರಗೆಳೆಯುವ ಕೊಳವೆ ಮತ್ತು ಅದರ ತುದಿಯ ಅಮುಕುವ ಡಬ್ಬಿ ಕಂಡು. ಕಲಿತರೆ ಅದು ಐದು ನಿಮಿಷದ ಕೆಲಸ. ಕೈ ಸೋಪಿನಲ್ಲಿ ತೊಳೆದು, ಕೊಳವೆಯ ಕ್ಲಿಪ್ ಹಾಕಿ, ಡಬ್ಬಿಯ ಮುಚ್ಚಳ ತೆಗೆದು, ಅಳತೆಯ ಲೋಟಕ್ಕೆ ಸುರಿಯಿರಿ. ಡಬ್ಬಿಯನ್ನು ಪೂರ್ತಿ ಅಮುಕಿ, ಅಮುಕಿದಂತೆಯೇ ಮುಚ್ಚಳ ಹಾಕಿ, ಆಮೇಲೆ ಕ್ಲಿಪ್ ಬಿಡಿ. ಡಬ್ಬಿ ಗಾಳಿ ತುಂಬಿ ಉಬ್ಬಿಕೊಂಡಿದ್ದರೆ ಅದು ಎಳೆಯುತ್ತಿಲ್ಲ ಎಂದೇ ಅರ್ಥ, ನೀರು ಒಳಗೇ ನಿಲ್ಲುತ್ತದೆ. ಕೊಳವೆಯಲ್ಲಿ ರಕ್ತದ ಎಳೆ ಸಿಕ್ಕಿಕೊಂಡಿದ್ದರೆ ಚರ್ಮದ ಹತ್ತಿರ ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಡಬ್ಬಿಯ ಕಡೆಗೆ ಸವರಿ ಇಳಿಸಿ. ಎರಡು ಡ್ರೈನ್ ಇದ್ದರೆ ಬಂದ ಅಳತೆಯನ್ನು ಎಡ, ಬಲ ಎಂದು ಬೇರೆ ಬೇರೆ ಬರೆಯಬೇಕು, ದಿನವೂ ಅದೇ ಹೊತ್ತಿಗೆ. ಬಣ್ಣ ಕೆಂಪಿನಿಂದ ತಿಳಿಗುಲಾಬಿಗೆ, ಆಮೇಲೆ ಹುಲ್ಲಿನ ಹಳದಿಗೆ ತಿರುಗಬೇಕು. 24 ಗಂಟೆಗೆ ಸುಮಾರು 30 ಮಿಲಿಲೀಟರ್‌ಗಿಂತ ಕಡಿಮೆಯಾದಾಗ ಡಾಕ್ಟರು ತೆಗೆಯುತ್ತಾರೆ. ತೆಗೆದ ಮೇಲೆ ಹೊಟ್ಟೆ ಒತ್ತಿದಾಗ ಒಳಗೆ ನೀರು ತುಳುಕಿದಂತಾದರೆ ಡಾಕ್ಟರೇ ಸೂಜಿಯಿಂದ ತೆಗೆಯಬೇಕು.

ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು ಬೀಡಿ ಸೇದುವವರಷ್ಟೇ ಎಚ್ಚರವಾಗಿರಬೇಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆಗ ಹೊಕ್ಕುಳಿನ ಕೆಳಗೆ ನಡುಭಾಗದ ಚರ್ಮ ಕಪ್ಪಾಗಿ ಸಾಯುವುದುಂಟು. ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲು, ನಾಲ್ಕು ವಾರ ನಂತರ ಪೂರ್ತಿ ಬಿಡಬೇಕು. ಆರು ವಾರ ಭಾರ ಎತ್ತುವಂತಿಲ್ಲ. ತುಂಬಿದ ಕೊಡಪಾನ, ಹುಲ್ಲಿನ ಹೊರೆ, ಮಗು ಎಲ್ಲವೂ ಭಾರವೇ. ಸಂಜೆಯಾದಂತೆ ಹೊಟ್ಟೆ ಊದುವುದು ಕೆಲವು ತಿಂಗಳು ಇದ್ದೇ ಇರುತ್ತದೆ, ಅದಕ್ಕೆ ಗಾಬರಿ ಬೇಡ.

ಗಾಬರಿಯಾಗಬೇಕಾದದ್ದು ಬೇರೆ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಏಕಾಏಕಿ ಉಸಿರು ಕಟ್ಟುವುದು, ಎದೆನೋವು, ಹೊಟ್ಟೆಯ ಒಂದು ಬದಿ ತಟ್ಟನೆ ಉಬ್ಬುವುದು, ಡಬ್ಬಿ ತಾಜಾ ರಕ್ತದಿಂದ ಬೇಗ ಬೇಗ ತುಂಬುವುದು. ಇವುಗಳಲ್ಲಿ ಯಾವುದು ಕಂಡರೂ ಬೆಂಗಳೂರಿನ ಡಾಕ್ಟರ ಫೋನಿಗೆ ಕಾಯದೆ 108ಕ್ಕೆ ಕರೆ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಶಿವಮೊಗ್ಗದಲ್ಲಾದರೆ ಮೆಗ್ಗಾನ್ ಆಸ್ಪತ್ರೆಯಿದೆ. 101 ಡಿಗ್ರಿ ಜ್ವರ, ಕೀವು, ವಾಸನೆ, ಕಪ್ಪಾಗುವ ಅಂಚು ಕಂಡರೆ ಅದೇ ದಿನ ತೋರಿಸಿ. ಹೊಸನಗರ, ಆಗುಂಬೆಯ ಒಳಹಳ್ಳಿಗಳಿಗೆ ಮಳೆಗಾಲದಲ್ಲಿ ಆಂಬುಲೆನ್ಸ್ ತಲುಪುವುದೇ ಕಷ್ಟ, ಫೋನೂ ಸಿಗುವುದಿಲ್ಲ. ಡ್ರೈನ್ ತೆಗೆಯುವವರೆಗಾದರೂ ಶಿವಮೊಗ್ಗದಲ್ಲೋ ತಾಲ್ಲೂಕು ಪೇಟೆಯಲ್ಲೋ ನೆಂಟರ ಮನೆಯಲ್ಲಿರುವುದು ಕ್ಷೇಮ.

ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳಲ್ಲಿ ಒಂದು ಒತ್ತಾಯದ ಮನವಿ. ಇಂಗ್ಲಿಷಿನ ಡಿಸ್ಚಾರ್ಜ್ ಕಾಗದ ಆರೈಕೆ ಮಾಡುವ ಅತ್ತೆಗೆ ಓದಲು ಬಾರದು. ಕನ್ನಡದಲ್ಲಿ ಒಂದು ಹಾಳೆ ಕೊಡಿ: ಡ್ರೈನ್ ಲೆಕ್ಕಕ್ಕೆ ಖಾಲಿ ಕೋಷ್ಟಕ, ಮಾತ್ರೆಯ ಹೊತ್ತು, ಇಂಜೆಕ್ಷನ್ನಿನ ದಿನಗಳು, ರಾತ್ರಿ ಎತ್ತುವ ಫೋನ್ ಸಂಖ್ಯೆ, ಮೇಲಿನ ಅಪಾಯದ ಲಕ್ಷಣಗಳು. ಬಿಡುಗಡೆಯ ಹಿಂದಿನ ದಿನ ಮನೆಯವರ ಕೈಯಿಂದಲೇ ಒಮ್ಮೆ ಡ್ರೈನ್ ಖಾಲಿ ಮಾಡಿಸಿ.

— ಮನೆ ಆರೈಕೆಯ ಶುಶ್ರೂಷಕಿಯರು, ತೀರ್ಥಹಳ್ಳಿ