ರೇನಿಸ್‌ಫ್ಯಾರಕ್ಕೆ ಹೊರಟ ಮಗಳಿಗೆ

ಪ್ರೀತಿಯ ಮಗಳಿಗೆ,

ನಿನ್ನೆ ರಾತ್ರಿ ಐಸ್‌ಲ್ಯಾಂಡಿನ ರೇನಿಸ್‌ಫ್ಯಾರ ತೀರಕ್ಕೆ ಹೋಗಲೇಬೇಡವೆಂದು ನಾನು ಹೇಳಿ, ನೀನು ಫೋನ್ ಇಟ್ಟ ಮೇಲೆ ಮತ್ತೆ ಕರೆ ಮಾಡಲು ಮನಸ್ಸಾಗಲಿಲ್ಲ. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನಿನ್ನ ಉತ್ತರ ಬಂದುಬಿಡುತ್ತದೆ. ಕಾಗದವನ್ನಾದರೆ ಪೂರ್ತಿ ಓದುತ್ತೀಯೆಂಬ ನಂಬಿಕೆಯಿಂದ ಇದನ್ನು ಬರೆದು ನಿನ್ನ ತಮ್ಮನ ಕೈಯಲ್ಲಿ ಬೆಂಗಳೂರಿಗೆ ಕಳಿಸುತ್ತಿದ್ದೇನೆ. ಶುಕ್ರವಾರ ವಿಮಾನ ಹತ್ತುವ ಮೊದಲು ಓದು. ನಾನು ದನಿ ಏರಿಸಿದ್ದಕ್ಕೆ ಕ್ಷಮೆ ಇರಲಿ, ಹೇಳಿದ್ದನ್ನು ಮಾತ್ರ ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಐಸ್‌ಲ್ಯಾಂಡಿಗೆ ಹೋಗಬೇಡವೆಂದು ನಾನು ಎಂದೂ ಹೇಳಿದವಳಲ್ಲ. ನಿನಗೆ ಸೀಟು ಸಿಕ್ಕಿದ ದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಆ ಪತ್ರವನ್ನು ಎಲ್ಲರಿಗೂ ಓದಿ ಹೇಳಿದವಳು ನಾನೇ. ಅಟ್ಲಾಂಟಿಕ್ ಸಾಗರದ ನಡುವಿನ ಬಿರುಕು ನೀರಿನ ಮೇಲೆದ್ದು ನೆಲವಾಗಿ ನಿಂತ ಜಾಗ ಅದು, ಅಲ್ಲಿ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡುಗಳಾದ ಉತ್ತರ ಅಮೆರಿಕದ ಫಲಕವೂ ಯುರೇಷಿಯಾದ ಫಲಕವೂ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ದೂರ ಸರಿಯುತ್ತಿವೆ ಎಂದು ಒಂಬತ್ತನೆಯ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಗೆರೆ ಎಳೆದು ಪಾಠ ಮಾಡುತ್ತ ಬಂದ ನನಗೆ, ನನ್ನ ಮಗಳೇ ಆ ಗೆರೆಯ ಮೇಲೆ ನಿಂತು ಕಲ್ಲಿನ ವಿದ್ಯೆ ಕಲಿಯುತ್ತಾಳೆಂಬುದು ಎಂಥ ಹೆಮ್ಮೆ ಎಂಬುದನ್ನು ನಾನು ಬಾಯಿಬಿಟ್ಟು ಹೇಳಿಲ್ಲ, ಈಗ ಹೇಳುತ್ತಿದ್ದೇನೆ. ನನ್ನ ತಕರಾರು ನೋಡಬೇಕಾದ ಜಾಗಗಳೆಂದು ನೀನು ಕಳಿಸಿದ ಪಟ್ಟಿಯ ಮೊದಲ ಸಾಲಿನದು. ಹೋದ ಮೊದಲ ವಾರಾಂತ್ಯವೇ ರೇನಿಸ್‌ಫ್ಯಾರಕ್ಕೆ ಹೋಗುವುದಾಗಿ ಬರೆದಿದ್ದೀಯೆ.

ಅದು ಎಂಥ ಜಾಗವೆಂಬುದು ತಿಳಿಯದೆ ಹೆದರುತ್ತಿದ್ದೇನೆಂದು ಭಾವಿಸಬೇಡ. ರಾಜಧಾನಿ ರೇಕ್ಯವೀಕ್‌ನಿಂದ ಸುಮಾರು 180 ಕಿಲೋಮೀಟರ್ ದೂರದಲ್ಲಿ, ವೀಕ್ ಎಂಬ ಊರಿನ ಪಕ್ಕದಲ್ಲಿ, ಲಾವಾದ ಕಲ್ಲು ಅಲೆಗೆ ಸಿಕ್ಕಿ ಪುಡಿಯಾಗಿ ಹರಡಿದ ಕಪ್ಪು ಮರಳಿನ ತೀರ ಅದು. ಸಮುದ್ರದೊಳಗೆ ರೇನಿಸ್‌ಡ್ರಾಂಗಾರ್ ಎಂಬ ಚೂಪು ಬಂಡೆಗಳು ನಿಂತಿವೆ. ಮೂರು ಪಟಸ್ತಂಭದ ಹಡಗನ್ನು ದಡಕ್ಕೆ ಎಳೆಯುತ್ತಿದ್ದ ದೈತ್ಯರು ಬೆಳಗಾದದ್ದರಿಂದ ಕಲ್ಲಾದರೆಂದು ಅಲ್ಲಿಯ ಜನ ಅವುಗಳ ಕಥೆ ಹೇಳುತ್ತಾರೆ. ದಡದ ಬದಿಯಲ್ಲಿ ರೇನಿಸ್‌ಫ್ಯಾಟ್ಲ್ ಬೆಟ್ಟದ ಬುಡಕ್ಕೆ, ಲಾವಾ ತಣಿದು ಆದ ಕಪ್ಪು ಕಲ್ಲಾದ ಬಸಾಲ್ಟಿನ ಕಂಬಗಳು ಒತ್ತೊತ್ತಾಗಿ ಮೇಲೇರಿವೆ, ಅವುಗಳ ನಡುವೆ ಒಂದು ಗುಹೆ, ಗುಹೆಯ ಚಾವಣಿಯಲ್ಲಿಯೂ ಕತ್ತರಿಸಿಟ್ಟಂತಿರುವ ಕಂಬದ ತುದಿಗಳು. ಜಗತ್ತಿನ ಚೆಲುವಾದ ತೀರಗಳಲ್ಲಿ ಅದೊಂದೆಂಬುದರಲ್ಲಿ ನನಗೆ ಅನುಮಾನವಿಲ್ಲ. ನೀನು ಹೋಗುವುದು ಆ ಕಂಬಗಳಿಗಾಗಿ ಎಂಬುದೂ ಗೊತ್ತು.

ನನ್ನ ಭಯ ಹುಟ್ಟುವುದು ಅಲ್ಲಿಯೇ. ಆ ತೀರದಲ್ಲಿ ಕಂಬಗಳಿರುವುದು ನೆಲದ ಬದಿಗೆ. ಅವನ್ನು ನೋಡಲು ನಿಂತವರ ಬೆನ್ನು ಸಮುದ್ರದ ಕಡೆಗಿರುತ್ತದೆ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದ ದಿನ ನಿನಗೆ ಒಂಬತ್ತು ವರ್ಷ. ದೋಣಿಯ ಕುಲುಕಾಟ, ಅಜ್ಜಿ ಕಟ್ಟಿಕೊಟ್ಟ ಬುತ್ತಿ, ನಿನ್ನ ಕಳೆದುಹೋದ ಚಪ್ಪಲಿ ಎಲ್ಲ ನಮ್ಮಿಬ್ಬರಿಗೂ ನೆನಪಿರುವುದರಿಂದ ಅದನ್ನು ಬಿಡುತ್ತೇನೆ. ನಿನಗೆ ನೆನಪಿಲ್ಲದ ಭಾಗ ಒಂದಿದೆ. ದ್ವೀಪದ ಪಡುವಣ ಅಂಚಿನಲ್ಲಿ ನೀನು ಕುಕ್ಕರುಗಾಲಿನಲ್ಲಿ ಕುಳಿತು, ಅಲ್ಲಿಯೂ ಇರುವ ಅಂಥದೇ ಕಲ್ಲುಕಂಬಗಳ ತಲೆಯ ಮೂಲೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತಿದ್ದೆ. ಕೆಲವಕ್ಕೆ ಐದು, ಕೆಲವಕ್ಕೆ ಆರು, ಒಂದಕ್ಕೆ ಏಳು ಎಂದು ನನ್ನನ್ನು ಕೂಗಿ ಹೇಳಿದೆ. ಬಂಡೆಯ ಸಂದಿನಲ್ಲಿ ಹಸಿರು ಪಾಚಿಯಿತ್ತು, ಕಲ್ಲಿನ ಗುಂಡಿಗಳಲ್ಲಿ ಉಪ್ಪುನೀರು ನಿಂತಿತ್ತು, ಅದರಲ್ಲಿ ಉಗುರಿನಷ್ಟು ದೊಡ್ಡ ಏಡಿಯೊಂದು ಓಡಾಡುತ್ತಿತ್ತು. ಸಮುದ್ರ ಶಾಂತವಾಗಿಯೇ ಇತ್ತು. ನಾನು ನಾಲ್ಕೈದು ಹೆಜ್ಜೆಯಾಚೆ ನಿಂತಿದ್ದೆ. ಮೊದಲಿನ ಅಲೆಗಳೆಲ್ಲ ಕೆಳಗಿನ ಕಲ್ಲಿಗೇ ಬಡಿದು ಹಿಂದೆ ಹೋಗುತ್ತಿದ್ದವು, ಒಂದು ಮಾತ್ರ ಹೋಗಲಿಲ್ಲ. ಅದು ನಿನ್ನ ಸೊಂಟದವರೆಗೆ ಏರಿ, ನಿನ್ನನ್ನು ಪಾಚಿಯ ಮೇಲೆ ಜಾರಿಸುತ್ತ ಹಿಂದೆ ಸರಿಯತೊಡಗಿದಾಗ ದೋಣಿಯ ತಾಂಡೇಲರು ಓಡಿಬಂದು ತೋಳು ಹಿಡಿದು ಎತ್ತಿದರು. ನಿನಗೆ ಅಳು ಬಂದದ್ದು ಎಣಿಕೆ ತಪ್ಪಿತೆಂದು. ಕಡಲಿಗೆ ಬೆನ್ನು ಕೊಟ್ಟು ಕೂರಬಾರದೆಂದು ಆ ಹಿರಿಯರು ತುಳುವಿನಲ್ಲಿ ಗದರಿದಾಗಲೂ ನೀನು ಅವರ ಮುಖ ನೋಡಲಿಲ್ಲ, ಕಲ್ಲನ್ನೇ ನೋಡುತ್ತಿದ್ದೆ.

ಆ ನೋಟ ನಿನ್ನಲ್ಲಿ ಇಂದಿಗೂ ಹಾಗೆಯೇ ಇದೆ. ಹಂಪಿಯಲ್ಲಿ, ಯಾಣದಲ್ಲಿ, ಆಗುಂಬೆಯ ರಸ್ತೆಬದಿಯ ಕಡಿದ ಗುಡ್ಡದ ಮುಂದೆ ಅದನ್ನು ಕಂಡಿದ್ದೇನೆ. ಕಲ್ಲೊಂದು ಸಿಕ್ಕಿದರೆ ನಿನಗೆ ಹಿಂದೆ ಬರುವ ಲಾರಿಯೂ ಕೇಳಿಸುವುದಿಲ್ಲ. ಈ ಗುಣವಿಲ್ಲದಿದ್ದರೆ ನೀನು ಇಲ್ಲಿಯವರೆಗೆ ಬರುತ್ತಿರಲಿಲ್ಲವೆಂದು ಒಪ್ಪುತ್ತೇನೆ. ಆದರೆ ಮಲ್ಪೆಯಲ್ಲಿ ತಾಂಡೇಲರಿದ್ದರು.

ಪಾಠ ಶುರುವಾಯಿತೆಂದು ಕಾಗದವನ್ನು ಮಡಚಿಡಬೇಡ. ರೇನಿಸ್‌ಫ್ಯಾರದ ದಕ್ಷಿಣಕ್ಕಿರುವುದು ತೆರೆದ ಅಟ್ಲಾಂಟಿಕ್. ಬಹಳ ದೂರದಿಂದ ಬರುವ ಉಬ್ಬಲೆಗಳನ್ನು ನಡುವೆ ತಡೆಯುವ ನೆಲವಿಲ್ಲ. ದಡದ ಹತ್ತಿರವೇ ಸಮುದ್ರದ ತಳ ಕಡಿದಾಗಿ ಇಳಿಯುವುದರಿಂದ ಅಲೆ ದೂರದಲ್ಲಿಯೇ ಒಡೆದು ಸೊರಗುವುದಿಲ್ಲ, ತನ್ನ ಬಲವನ್ನು ದಡದವರೆಗೂ ತರುತ್ತದೆ. ಹಲವು ಸಣ್ಣ ಅಲೆಗಳನ್ನು ನೋಡಿ ನಂಬಿಕೆ ಬಂದ ಮೇಲೆ, ಎರಡು ಉಬ್ಬಲೆಗಳು ಒಂದಾಗಿ ಬಂದ ಅಲೆಯೊಂದು ಮರಳಿನ ಮೇಲೆ ಬಹಳ ಮೇಲಕ್ಕೆ ನುಗ್ಗುತ್ತದೆ. ಅದು ಹಿಂದೆ ಸರಿಯುವಾಗ ಕಾಲ ಕೆಳಗಿನ ಮರಳೂ ಅದರೊಡನೆ ಓಡುತ್ತದೆ, ಬಟ್ಟೆಯಲ್ಲಿ ಮರಳು ತುಂಬಿ ಮೈ ಭಾರವಾಗುತ್ತದೆ, ಆ ತಣ್ಣೀರಿನಲ್ಲಿ ಕೈಕಾಲು ಬೇಗ ಸೋಲುತ್ತವೆ. ನಿನ್ನಂತೆ ಚೆನ್ನಾಗಿ ಈಜು ಬಲ್ಲವರಿಗೂ ಅದು ಕೆಲಸಕ್ಕೆ ಬರುವುದಿಲ್ಲ. 2025ರ ಆಗಸ್ಟ್‌ನಲ್ಲಿ ಅಲ್ಲಿ ಅಲೆ ಎಳೆದುಕೊಂಡು ಹೋದ ಜರ್ಮನಿಯ ಹುಡುಗಿಗೂ ಒಂಬತ್ತೇ ವರ್ಷ. ಆ ಸುದ್ದಿಯನ್ನು ಓದಿದ ದಿನದಿಂದ ನನ್ನ ಕಣ್ಣಿಗೆ ಕಾಣುವುದು ಪಾಚಿಯ ಮೇಲೆ ಜಾರುತ್ತಿರುವ ನೀನು. ನಿನಗೀಗ ಇಪ್ಪತ್ತಮೂರಾದರೂ ಆ ಚಿತ್ರದಲ್ಲಿ ನೀನು ಬೆಳೆಯುವುದೇ ಇಲ್ಲ.

ವಾಹನ ನಿಲ್ಲಿಸಿ ತೀರಕ್ಕೆ ಹೋಗುವ ದಾರಿಯಲ್ಲಿ ಎಚ್ಚರಿಕೆಯ ದೀಪಗಳಿವೆ. ಕೆಂಪು ಉರಿಯುತ್ತಿದ್ದರೆ ಕೆಳಗಿನ ಮರಳಿಗೆ ಇಳಿಯಲೇಬೇಡ, ಯಾರು ಇಳಿದಿದ್ದರೂ ಸರಿ. ಹಳದಿಯಿದ್ದರೂ, ಯಾವ ದೀಪ ಉರಿಯದಿದ್ದರೂ, ಒದ್ದೆ ಮರಳಿನ ಗೆರೆಯಿಂದ ಬಹಳ ಹಿಂದೆ ನಿಲ್ಲು. ಕಂಬಗಳನ್ನು ನೋಡುವಾಗ ಇಬ್ಬರಿಬ್ಬರಾಗಿ ಹೋಗಿ, ಒಬ್ಬಳು ಕಲ್ಲು ನೋಡಲಿ, ಇನ್ನೊಬ್ಬಳು ನೀರು ನೋಡಲಿ. ಗುಹೆಯೊಳಗೆ ಹೋಗಬೇಡ, ಅಲೆ ಬಂದರೆ ಅಲ್ಲಿಂದ ಓಡಲು ಜಾಗವಿಲ್ಲ. ಆ ಸೀಮೆಯವರು ಹೀಗೆ ಎಚ್ಚರದಿಂದಲೇ ಬದುಕುತ್ತಾರೆ. ಹಿಮನದಿಯ ಕೆಳಗಿರುವ ಕಾಟ್ಲಾ ಜ್ವಾಲಾಮುಖಿ 1918ರಲ್ಲಿ ದೊಡ್ಡದಾಗಿ ಸಿಡಿದಿತ್ತು. ಅದು ಮತ್ತೆ ಸಿಡಿದು ಕರಗಿದ ನೀರು ನುಗ್ಗಿದರೆ ಬೆಟ್ಟದ ಮೇಲಿನ ಚರ್ಚಿಗೆ ಏರಬೇಕೆಂಬುದು ವೀಕ್‌ನ ಜನರಿಗೆ ತಿಳಿದಿದೆ. ಅವರನ್ನು ಯಾರೂ ಅಂಜುಬುರುಕರೆನ್ನುವುದಿಲ್ಲ.

ಕಂಬಗಳನ್ನು ನೋಡುವ ಆಸೆಗೆ ಬೇರೆ ದಾರಿಯೂ ಇದೆ. ಪೂರ್ವಕ್ಕೆ ಇನ್ನಷ್ಟು ಮುಂದೆ ಸ್ಕಾಫ್ಟಾಫೆಲ್‌ನಲ್ಲಿ ಸ್ವಾರ್ಟಿಫಾಸ್ ಎಂಬ ಜಲಪಾತವಿದೆ. ಅದು ಧುಮುಕುವುದು ತೂಗುಬಿದ್ದ ಕಪ್ಪು ಕಂಬಗಳ ಗೋಡೆಯ ನಡುವಿನಿಂದ. ಕಡಲು ಅಲ್ಲಿಗೆ ಬರುವುದಿಲ್ಲ. ಮೊದಲು ಅಲ್ಲಿಗೆ ಹೋಗಿ, ಊರಿನ ಹವೆಯೂ ಜನರೂ ಪರಿಚಯವಾದ ಮೇಲೆ ರೇನಿಸ್‌ಫ್ಯಾರಕ್ಕೆ ಹೋದರೆ ನನ್ನ ಆಕ್ಷೇಪವಿಲ್ಲ. ಹೋಗಲೇಬೇಡವೆಂದು ನಿನ್ನೆ ಹೇಳಿದ್ದೆ. ರಾತ್ರಿಯಿಡೀ ಯೋಚಿಸಿದ ಮೇಲೆ ನಾನು ಬಿಟ್ಟುಕೊಡಬಲ್ಲದ್ದು ಇಷ್ಟು.

ಇನ್ನೊಂದು ಕೆಲಸವಿದೆ. ಕಳೆದ ವಾರ ತರಗತಿಯಲ್ಲಿ ಈ ಕಂಬಗಳ ವಿಷಯ ಬಂದಾಗ, ಬೇಸಿಗೆಯ ಕೆರೆಯ ಕೆಸರು ಒಣಗಿ ಬಿರಿಯುವಂತೆ ಲಾವಾ ತಣ್ಣಗಾಗುತ್ತ ಕುಗ್ಗಿ ಬಿರಿಯುತ್ತದೆ, ಬಿರುಕು ಮೇಲ್ಮೈಯಿಂದ ಒಳಕ್ಕೆ ಇಳಿಯುತ್ತ ಕಂಬವಾಗುತ್ತದೆ, ನಿಧಾನವಾಗಿ ತಣಿದರೆ ಕಂಬ ದಪ್ಪವಾಗುತ್ತದೆ ಎಂದು ವಿವರಿಸಿದೆ. ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಐಸ್‌ಲ್ಯಾಂಡಿನ ಬಸಾಲ್ಟನ್ನೇ ಕಾಯಿಸಿ ನೋಡಿ, ಕಲ್ಲು ಗಟ್ಟಿಯಾದ ನಂತರ 840ರಿಂದ 890 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಬಿರಿಯುತ್ತದೆಂದು 2018ರಲ್ಲಿ ಪ್ರಕಟಿಸಿದ್ದನ್ನೂ ಹೇಳಿದೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಮಲ್ಪೆಯ ಕಲ್ಲು ಬಸಾಲ್ಟ್ ಅಲ್ಲವಲ್ಲ, ಅದಕ್ಕೂ ಅಷ್ಟೇ ಶಾಖವೇ ಎಂದು ಕೇಳಿದಳು. ನಮ್ಮ ದ್ವೀಪದ್ದು ಸಿಲಿಕಾ ಹೆಚ್ಚಿರುವ ರಯೋಲೈಟ್ ಜಾತಿಯ ಕಲ್ಲು, ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ್ದು, ಸುಮಾರು 9 ಕೋಟಿ ವರ್ಷ ಹಳೆಯದು, ಐಸ್‌ಲ್ಯಾಂಡಿನ ಅತ್ಯಂತ ಹಳೆಯ ಕಲ್ಲಿಗೆ 1.6 ಕೋಟಿ ವರ್ಷವಷ್ಟೇ ಎಂಬುದನ್ನು ಹೇಳಿ ಗಂಟೆ ಬಾರಿಸುವವರೆಗೆ ನಿಭಾಯಿಸಿದೆ. ನಿನ್ನ ಪ್ರಾಧ್ಯಾಪಕರನ್ನು ಕೇಳಿ ಸರಿಯಾದ ಉತ್ತರ ಬರೆ. ಆ ಹುಡುಗಿ ದಿನವೂ ವಿಚಾರಿಸುತ್ತಿದ್ದಾಳೆ.

ಇಂತಿ,
ನಿನ್ನ ಅಮ್ಮ