ರೂಟರ್ ಬದಲಿಸುವ ಮೊದಲು: ತುಮಕೂರು ಆಪರೇಟರ್ ಮಿತ್ರರಿಗೆ ಸೂಚನೆ

ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ.

ಫೈಬರ್ ಇಂಟರ್‌ನೆಟ್ ಗ್ರಾಹಕರಿಂದ ದೂರು ಬಂದ ತಕ್ಷಣ ರೂಟರ್ ಬದಲಿಸುವ ರೂಢಿಯನ್ನು ದಯವಿಟ್ಟು ಬಿಡಬೇಕು. ಕಳೆದ ವಾರ ಶಿರಾ ಗೇಟ್ ಬಳಿಯ ಮನೆಯೊಂದರಲ್ಲಿ ನಾನೇ ಎರಡು ರೂಟರ್ ಬದಲಿಸಿದ ಮೇಲೂ ಸಂಪರ್ಕ ಕಡಿಯುತ್ತಲೇ ಇತ್ತು. ಫೈಬರಿನಲ್ಲಿ ಬರುವ ಬೆಳಕಿನ ಬಲ ಅಳೆಯಲು ಪವರ್ ಮೀಟರ್ ಹಾಕಿದಾಗ ಮೈನಸ್ 29 ಡಿಬಿಎಂ (ಆ ಬಲದ ಅಳತೆ, ಮೈನಸ್ ಹೆಚ್ಚಿದಷ್ಟೂ ಸಿಗ್ನಲ್ ದುರ್ಬಲ) ಬಂತು, ಹುಡುಕಿದರೆ ಟಿವಿ ಸ್ಟ್ಯಾಂಡಿನ ಹಿಂದೆ ಪ್ಯಾಚ್ ಕಾರ್ಡ್ (ಸಾಧನಕ್ಕೆ ಜೋಡಿಸುವ ತುಂಡು ಫೈಬರ್ ತಂತಿ) ಮಡಚಿಕೊಂಡಿತ್ತು. ಮನೆಗಳಲ್ಲಿಡುವ ಸಾಮಾನ್ಯ ಜಿಪಾನ್ (ಫೈಬರ್ ಸಂಪರ್ಕದ) ಸಾಧನಗಳನ್ನು ಮೈನಸ್ 27ಕ್ಕಿಂತ ಕೆಳಗೆ ನೆಚ್ಚುವಂತಿಲ್ಲವಾದ್ದರಿಂದ, ಮೊದಲು ಎಲ್‌ಒಎಸ್ ದೀಪ (ಫೈಬರ್ ಸಿಗ್ನಲ್ ಇಲ್ಲವೆಂದು ಸಾಧನದ ಮೇಲೆ ತೋರಿಸುವ ದೀಪ), ಆಮೇಲೆ ಸಿಗ್ನಲ್ ಮಟ್ಟ, ಕನೆಕ್ಟರಿನ ಧೂಳು, ಕೊನೆಗೆ ಸಾಧನ ಎಂಬ ಕ್ರಮದಲ್ಲಿ ನೋಡಿ. (ಫೈಬರ್ ತುದಿಗೆ ಕಣ್ಣಿಟ್ಟು ನೋಡಬೇಡಿ, ಆ ಲೇಸರ್ ಕಾಣದಿದ್ದರೂ ಕಣ್ಣಿಗೆ ಅಪಾಯ.) ಸಿಗ್ನಲ್ ಸರಿಯಿದ್ದೂ ಕಂಪ್ಯೂಟರಿನಲ್ಲಿ 169.254ರಿಂದ ಆರಂಭವಾಗುವ ವಿಳಾಸ ಕಂಡರೆ, ಅದಕ್ಕೆ ಡಿಎಚ್‌ಸಿಪಿಯಿಂದ (ಸಾಧನಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ವ್ಯವಸ್ಥೆ) ಉತ್ತರ ಸಿಕ್ಕಿಲ್ಲವೆಂದು ತಿಳಿಯಿರಿ. 8.8.8.8ಕ್ಕೆ (ಗೂಗಲ್ ಸರ್ವರಿನ ವಿಳಾಸ) ಪಿಂಗ್ ಎಂಬ ಸಂಪರ್ಕ ಪರೀಕ್ಷೆ ಸರಿಯಾಗಿ ಹೋಗಿಯೂ ತಾಣಗಳು ತೆರೆಯದಿದ್ದರೆ ಮೊದಲ ಅನುಮಾನ ಡಿಎನ್‌ಎಸ್ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮೇಲಿರಲಿ.

ನಮ್ಮ ಹುಡುಗರು ಸ್ಪ್ಲೈಸಿಂಗ್‌ನಲ್ಲಿ (ಫೈಬರ್ ಬೆಸೆಯುವುದರಲ್ಲಿ) ನುರಿತವರು, ಆದರೆ ರೂಟಿಂಗ್ (ಡೇಟಾ ಸಾಗುವ ದಾರಿ ನಿರ್ಧರಿಸುವುದು) ಮತ್ತು ಐಪಿವಿ6 (ಹೊಸ ಬಗೆಯ ಐಪಿ ವಿಳಾಸ ಪದ್ಧತಿ) ಎಂದರೆ ಹಿಂಜರಿಯುತ್ತಾರೆ. ಇವನ್ನು ಕಲಿಸುವ ಎಪಿನಿಕ್ (ಏಷ್ಯಾ-ಪೆಸಿಫಿಕ್ ವಲಯಕ್ಕೆ ಐಪಿ ವಿಳಾಸ ಹಂಚುವ ಸಂಸ್ಥೆ) ಅಕಾಡೆಮಿಯ ಉಚಿತ ಆನ್‌ಲೈನ್ ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ, ಹಿರಿಯರು ಜೊತೆಗೆ ಕೂತು ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಅದಕ್ಕಾಗಿ ವಾರಕ್ಕೆ ಎರಡು ಗಂಟೆ ಸಂಬಳಸಹಿತ ಬಿಡುವು ನೀಡುವಂತೆ ಮಾಲೀಕ ಸದಸ್ಯರಲ್ಲಿ ವಿನಂತಿ.