ಚಿತ್ರದ ಕೆಳಗಿನ ಚೀಟಿ ಬರೆದವರು ಯಾರು?

ಮಾನ್ಯರೇ,

ಟಿಪ್ಪು ಮೇಲೆ ಇಂಗ್ಲಿಷರು ಹಾಕಿದ ಮುತ್ತಿಗೆ ಕಾಲದ ಹಳೆ ಅಚ್ಚುಚಿತ್ರಗಳ ಪ್ರದರ್ಶನದ ಬಗ್ಗೆ ನಿಮ್ಮ ಭಾನುವಾರದ ವರದಿ ನಂಬಿ ಮಗಳನ್ನು ಕರೆದುಕೊಂಡು ಹೋದೆ. ಮಾರ್ಕೆಟ್ ಹತ್ತಿರ ಬಸ್ಸು ಅಲ್ಲಾಡಲಿಲ್ಲ. ಇಳಿದು ಬಿಸಿಲಲ್ಲೇ ನಡೆದೆವು. ಒಳಗೆ ಫ್ಯಾನಿಲ್ಲ, ಕೂರಲು ಬೆಂಚಿಲ್ಲ. ಬ್ಯಾಗ್ ಇಡಲು ಮಾತ್ರ ಬೇರೆ ದುಡ್ಡು. ಅದೂ ಹೋಗಲಿ ಅಂದರೆ, ಚಿತ್ರಗಳ ಕೆಳಗಿನ ಚೀಟಿ ಓದಿ ಮೈ ಉರಿಯಿತು. ಎಲ್ಲವೂ ಇಂಗ್ಲಿಷಿನಲ್ಲಿ, ಅದೂ ಇಂಗ್ಲಿಷರದೇ ಧಾಟಿಯಲ್ಲಿ.

1791ರ ಮಾರ್ಚ್ 7ರಂದು ಬೆಂಗಳೂರು ಪೇಟೆ ಬಾಗಿಲಲ್ಲಿ ಇಂಗ್ಲಿಷರ ಕರ್ನಲ್ ಮೂರ್‌ಹೌಸ್ ಸತ್ತದ್ದನ್ನು ರಾಬರ್ಟ್ ಹೋಮ್ ಚಿತ್ರಿಸಿದ್ದಾನಲ್ಲ, ಅದರ ಚೀಟಿಯಲ್ಲಿ 'ಆ ದಿನ ನಡೆದದ್ದು ನಡೆದ ಹಾಗೆ' ಎಂದಿದೆ. ಹೋಮ್ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಜೊತೆ ಬಂದಿದ್ದವನು. ಸಾಯುವ ಅಧಿಕಾರಿ ನಟ್ಟನಡುವೆ, ಸುತ್ತ ಅವನ ಕಡೆಯವರು. ಸತ್ತ ನಮ್ಮ ಜನಕ್ಕೆ ಅಷ್ಟು ಜಾಗ ಕೊಡುತ್ತಾನಾ? ಎರಡು ವಾರ ಬಿಟ್ಟು ಮಾರ್ಚ್ 21ರ ರಾತ್ರಿ ಕೋಟೆ ಕಾಯುತ್ತಾ ಪ್ರಾಣ ಕೊಟ್ಟ ಟಿಪ್ಪುವಿನ ಕಿಲ್ಲೇದಾರ (ಕೋಟೆಯ ಮುಖ್ಯಸ್ಥ) ಬಹದ್ದೂರ್ ಖಾನನ ಹೆಸರು ಇಡೀ ಹಾಲ್‌ನಲ್ಲಿ ಎಲ್ಲೂ ಇಲ್ಲ. "ಅಪ್ಪಾ, ಇದರಲ್ಲಿ ನಮ್ಮೂರವರು ಯಾರು?" ಎಂದಳು ಮಗಳು.

1799ರ ಶ್ರೀರಂಗಪಟ್ಟಣದ ದಾಳಿಯ ಭಾರೀ ಚಿತ್ರ ಬರೆದ ರಾಬರ್ಟ್ ಕೆರ್ ಪೋರ್ಟರ್ ಆ ಊರಿಗೆ ಕಾಲಿಟ್ಟವನೇ ಅಲ್ಲ. ಲಂಡನ್ನಿನಲ್ಲೇ ಕೂತು ಬರೆದ. 1800ರಲ್ಲಿ ಜನ ಮುಗಿಬಿದ್ದು ನೋಡಿದರು, ಆಮೇಲೆ ಅದರ ಅಚ್ಚುಗಳೂ ಮಾರಾಟಕ್ಕೆ ಬಂದವು. ಕಂಪನಿಯ ಲೂಟಿ ಅಲ್ಲಿಯವರಿಗೆ ಸಾಹಸವಾಗಿ ಕಂಡದ್ದು ಹೀಗೇ. ಆದರೆ 1791ರಲ್ಲಿ ಅದೇ ಲಂಡನ್ನಿನ ವ್ಯಂಗ್ಯಚಿತ್ರಕಾರ ಗಿಲ್‌ರೇ, ಮಳೆಗಾಲಕ್ಕೆ ಸೋತು ಶ್ರೀರಂಗಪಟ್ಟಣದಿಂದ ಹಿಂದೆ ಸರಿದ ಕಂಪನಿ ದಂಡನಾಯಕ ಕಾರ್ನ್‌ವಾಲಿಸ್ ಕಡೆಯವರ ಮೇಲೆ ಟಿಪ್ಪು ಕೋಟೆ ಮೇಲಿಂದ ಉಚ್ಚೆ ಹೊಯ್ಯುವ ಹಾಗೆ ಚಿತ್ರ ಬರೆದು ನಗಿಸಿದ್ದ! ಅದನ್ನು ಇಲ್ಲಿ ತೂಗುಹಾಕಿಲ್ಲ. ಮರ್ಯಾದಸ್ಥರು, ಅಲ್ವಾ?

ಕೇಳಿದರೆ ಮೇಜಿನ ಹಿಂದಿದ್ದವರು ಫೋನಿಂದ ತಲೆ ಎತ್ತದೆ, "ಬುಕ್ಕಲ್ಲಿ ಬರೆದು ಹೋಗಿ ಸಾರ್" ಅಂದರು. ಬುಕ್ಕಿಗೆ ದಾರ ಕಟ್ಟಿತ್ತು, ದಾರದ ತುದಿಯಲ್ಲಿ ಪೆನ್ನಿರಲಿಲ್ಲ.

ನಮ್ಮ ಅಧಿಕಾರಿಗಳ ಪಾಡು ಎಂದಿಗೂ ಇಷ್ಟೇ. ಫುಟ್‌ಪಾತ್ ಅಗೆದವರು ಮುಚ್ಚಲು ಬರುವುದಿಲ್ಲ. ನಮ್ಮ ಬೀದಿಯ ಚರಂಡಿ ಬಗ್ಗೆ ಇದೇ ಅಂಕಣಕ್ಕೆ ಹಿಂದೆ ಬರೆದಿದ್ದೆ. ಪತ್ರ ಅಚ್ಚಾಯಿತು, ಚರಂಡಿ ಈಗಲೂ ಬಾಯಿ ತೆರೆದೇ ಇದೆ. ಫೋನ್ ಮಾಡಿದರೆ ಸಾಹೇಬರು ಸದಾ ಮೀಟಿಂಗ್‌ನಲ್ಲಿ.

ಆ ಚೀಟಿಗಳನ್ನು ಕಿತ್ತು ಕನ್ನಡದಲ್ಲಿ ಸರಿಯಾಗಿ ಬರೆಸಲಿ, ಇಲ್ಲವೇ ಪ್ರದರ್ಶನಕ್ಕೆ ಬೀಗ ಹಾಕಲಿ. ಹಾಗೇ ಆ ಚರಂಡಿಯನ್ನೂ ಯಾರಾದರೂ ನೋಡಲಿ. ಸಂಬಳ ಎಣಿಸಲು ಬರುವವರಿಗೆ ಇಷ್ಟೂ ಬರುವುದಿಲ್ಲವೇ?

– ಒಬ್ಬ ಓದುಗ, ಚಾಮರಾಜಪೇಟೆ, ಬೆಂಗಳೂರು